ಬಿಳ್ಯಾನಿಗೆ ಸಿಕ್ಕ ಮನೆ

ಶಹಾಬಾದಿನ ಬಾಡಿಗೆ ಮನೆಯಲ್ಲಿ ಮೊದಲ ಮಧ್ಯಾಹ್ನ ಗೋಡೆಗೆ ಒರಗಿ ಕುಳಿತವಳು ಬೆನ್ನು ಸುಟ್ಟುಕೊಂಡು ಎದ್ದೆ. ನೆಲ ಕಲ್ಲು, ಗೋಡೆ ಕಲ್ಲು, ತಲೆಯ ಮೇಲಿನ ಮಾಳಿಗೆಗೂ ಕಲ್ಲಿನ ಹಾಸು. ನಮ್ಮ ಕುಂದಾಪುರದಲ್ಲಿ ಜೂನ್ ಎಂದರೆ ಬಟ್ಟೆ ಒಣಗದ ತಿಂಗಳು. ಇಲ್ಲಿ ಹಿಂಡಿ ಹಾಕಿದ ಸೀರೆ ಚಹಾ ಕುಡಿಯುವಷ್ಟರಲ್ಲಿ ಹಪ್ಪಳವಾಗುತ್ತಿತ್ತು.

ಹೈಸ್ಕೂಲ್ ಟೀಚರಾಗಿ ಒಬ್ಬಳೇ ಬಂದಿದ್ದೆ. ಮನೆಯೊಡತಿ ನಾಗಮ್ಮ ‘ನಾಷ್ಟಾ ಆಯ್ತೇನ್ರಿ’ ಎಂದಾಗ, ಏನೋ ನಷ್ಟವಾಯಿತೇ ಎಂದು ಕೇಳುತ್ತಿದ್ದಾರೆಂದುಕೊಂಡು ಗಾಬರಿಯಾಗಿದ್ದೆ. ತಿಂಡಿಯಾಯಿತೇ ಎಂದಷ್ಟೇ ಅದರ ಅರ್ಥ. ಮೀನಿಲ್ಲದ ಊಟ ಗಂಟಲಲ್ಲಿ ಇಳಿಯದಿದ್ದಾಗ ಪುಂಡಿಪಲ್ಯದ ಹುಳಿ ನನ್ನನ್ನು ಕಾಪಾಡಿತು. ಅದನ್ನು ಮಾಡಲು ಕಲಿಸಿದವಳು ನಾಗಮ್ಮನ ಮಗಳು ಸವಿತಾ. ಸಂಜೆ ನನ್ನ ಜೊತೆ ಮಾತಾಡಲು ಆ ಊರಲ್ಲಿ ಇದ್ದದ್ದು ಅವಳೊಬ್ಬಳೇ.

ಮಳೆಗಾಲ ಮುಗಿಯುವ ಹೊತ್ತಿಗೆ, ಕಲ್ಲು ಪಾಲಿಶ್ ಮಾಡುವ ಅಂಗಳದ ಮುಂದೆ ಒಂದು ನಾಯಿ ನೊರೆ ಕಾರುತ್ತ ಕಾಲು ಬಡಿಯುವುದನ್ನು ಕಂಡೆ. ಹುಚ್ಚು ನಾಯಿಯೆಂದು ಜನ ಕಲ್ಲೆಸೆಯುತ್ತಿದ್ದರು. ಕಲ್ಲಿಗೆ ಆ ಊರಲ್ಲಿ ಬರವಿಲ್ಲ. ಸ್ವಲ್ಪ ಹೊತ್ತಿಗೆ ನಾಯಿ ತಾನಾಗಿ ಎದ್ದು, ತೂರಾಡುತ್ತ ಹೋಗಿ ಮೂಲೆ ಹಿಡಿಯಿತು. ಪಶುವೈದ್ಯರನ್ನು ಕರೆಸಿದೆ. ಅವರು ಕೆಲವು ದಿನ ಕಟ್ಟಿಹಾಕಿ ನೋಡಿ, ಹುಚ್ಚಲ್ಲ, ಮೂರ್ಛೆರೋಗ, ಎರಡೂ ಹೊತ್ತು ತಪ್ಪದೆ ಮಾತ್ರೆ ಕೊಡುವವರು ಬೇಕು ಎಂದರು. ಯಾರಾದರೂ ಸಿಗುವತನಕ ನಾನಿಟ್ಟುಕೊಳ್ಳುತ್ತೇನೆ ಎಂದೆ. ಮೈತುಂಬ ಕಲ್ಲಿನ ಪುಡಿ ಮೆತ್ತಿದ್ದರಿಂದ ಸವಿತಾ ಅದನ್ನು ಬಿಳ್ಯಾ ಎಂದು ಕರೆದಳು. ತೊಳೆದರೆ ನಾಯಿ ಕಂದು ಬಣ್ಣದ್ದು. ಹೆಸರು ಮಾತ್ರ ಅದೇ ಉಳಿಯಿತು.

ಮಾತ್ರೆಯ ಸ್ಟ್ರಿಪ್ಪನ್ನು ಕೈಯಲ್ಲಿ ಹಿಡಿದು ಸವಿತಾ ಅದರ ಮೇಲಿನ ಹೆಸರು ಓದಿದಳು.

“ಇದಾ ಗುಳಿಗಿ ನಾನೂ ತಗೋತೀನ್ರಿ ಟೀಚರ್. ನಾ ಹೇಳೀನಂತ ಅವ್ವನ ಮುಂದ ಅನಬ್ಯಾಡ್ರಿ.”

ನಾನು ಯಾರ ಮುಂದೆಯೂ ಅನ್ನಲಿಲ್ಲ.

ಚಿತ್ತಾಪುರದಿಂದ ಅವಳನ್ನು ನೋಡಲು ಗಂಡಿನವರು ಬಂದ ದಿನ, ನಾಯಿಯನ್ನು ಒಳಗೇ ಇಡಬೇಕೆಂದು ನಾಗಮ್ಮ ಕೇಳಿಕೊಂಡರು. ಕದ ಹಾಕಿಕೊಂಡು ಕುಳಿತೆ. ಪಕ್ಕದ ನಾಗಮ್ಮನ ಮನೆಯಲ್ಲಿ ಮಂಡಕ್ಕಿಯ ಸುಸಲಾ, ಚಹಾ ಹಂಚುವ ಸದ್ದು ಕೇಳುತ್ತಿದ್ದಾಗಲೇ ಬಿಳ್ಯಾ ನೆಲಕ್ಕೆ ಬಿದ್ದ. ಪಾತ್ರೆಗಳು ಉರುಳಿದವು. ಏನಾಯಿತೆಂದು ನೋಡಲು ಬಂದವರು ಕದ ತಳ್ಳಿದರು, ನೊರೆ ಕಂಡು ಹೌಹಾರಿದರು. ಒಬ್ಬರು ಬಡಿಗೆ ತೆಗೆದುಕೊಂಡರು.

ಅವರನ್ನು ಸರಿಸಿಕೊಂಡು ಸವಿತಾ ಒಳಗೆ ಬಂದಳು. ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕುಳಿತು, ಪಾತ್ರೆಗಳನ್ನು ದೂರ ಸರಿಸಿ, ನಾಯಿಯನ್ನು ಒಂದು ಮಗ್ಗುಲಿಗೆ ಹೊರಳಿಸಿದಳು.

“ಹುಚ್ಚಲ್ರಿ. ಫಿಟ್ಸ್. ಸುಮ್ನ ಬಿಡ್ರಿ, ತಾನಾ ನಿಂದರ್ತದ.”

ಹುಡುಗನ ಸೋದರತ್ತೆ ಬಾಗಿಲಲ್ಲೇ ನಿಂತು, ನಿನಗ ಹ್ಯಾಂಗ ಗೊತ್ತವ್ವ ಎಂದು ಕೇಳಿದರು. ಟೀಚರ್ ಹೇಳಿಕೊಟ್ಟಾರೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನೇ ಹಾಗೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ನಾಯಿಯ ಮೇಲಿನ ಕೈ ತೆಗೆಯದೆ, “ನನಗೂ ಬರ್ತಾವ್ರಿ” ಎಂದಳು.

ಅವರು ತಟ್ಟೆಗಳನ್ನು ಅರ್ಧಕ್ಕೇ ಬಿಟ್ಟು ಹೋದರು. ನಾಗಮ್ಮ ಕೂಗಾಡಲಿಲ್ಲ. ತಟ್ಟೆ ತೊಳೆದು ಮುಗಿಸಿ ನನ್ನ ಬಾಗಿಲಿಗೆ ಬಂದರು.

“ನಿಮ್ಮ ನಾಯಿಗೆ ಊರ ತುಂಬ ಮನಿ ಹುಡುಕಾಕತ್ತೀರಿ. ನಾ ನನ್ನ ಮಗಳಿಗೆ ಒಂದಾ ಮನಿ ಹುಡುಕಿದ್ದೆ.”

ಅದಾದ ಮೇಲೆ ಅವರು ನನ್ನೊಡನೆ ಮಾತು ಬಿಟ್ಟರು.

ಆ ವಾರವೇ ಸಹೋದ್ಯೋಗಿಯೊಬ್ಬರ ಮೂಲಕ ಅದೇ ಜಿಲ್ಲೆಯ ಚಂದಾಪುರದ ಹತ್ತಿರ ಆಡು ಸಾಕುವ ಹೆಂಗಸೊಬ್ಬಳು ಬಿಳ್ಯಾನನ್ನು ಇಟ್ಟುಕೊಳ್ಳಲು ಒಪ್ಪಿದಳು. ಜೊತೆಗೆ ಬರಲು ಸವಿತಾಳನ್ನು ತಾಯಿ ಬಿಡಲಿಲ್ಲ; ನಾನೊಬ್ಬಳೇ ಬಿಳ್ಯಾನನ್ನು ಕರೆದೊಯ್ದೆ. ಆ ಹೆಂಗಸು ರೋಗದ ಮಾತಿಗೆ ಅಂಜಲಿಲ್ಲ. ಮಾತ್ರೆಯನ್ನು ಬೆಲ್ಲದಲ್ಲಿ ಅದುಮಿ ಕೊಟ್ಟಳು. ಬೀಳುವ ಜೀವಕ್ಕೆ ಕಲ್ಲಿನ ನೆಲ ಬೇಡವೆಂದು ಗೋಣಿತಾಟು ಹಾಸಿದಳು. ಇಷ್ಟು ಮರುಕದವಳು ಎಂದು ನನಗೆ ಆಸೆ ಹುಟ್ಟಿತು. ಮದುವೆಯ ವಯಸ್ಸಿಗೆ ಬಂದ ಅವಳ ಮಗ ಅಲ್ಲೇ ಆಡಿಗೆ ಸೊಪ್ಪು ಕಟ್ಟುತ್ತಿದ್ದ. ಹೆಸರು ಹೇಳದೆ ಕೇಳಿದೆ: ಇಂಥದೇ ಕಾಯಿಲೆಗೆ ಮಾತ್ರೆ ತಿನ್ನುವ ಒಬ್ಬ ಒಳ್ಳೆಯ ಹುಡುಗಿ ಇದ್ದರೆ?

ಅವಳ ಕೈ ಬಿಳ್ಯಾನ ತಲೆ ಸವರುತ್ತಲೇ ಇತ್ತು.

“ನಾಯಿ ಬ್ಯಾರೆ, ಸೊಸಿ ಬ್ಯಾರೆರಿ.”

ಬೇಸಿಗೆ ರಜೆಗೆ ಕುಂದಾಪುರಕ್ಕೆ ಹೋದಾಗ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಎಂಥ ಕಲ್ಲುಮನಸ್ಸಿನ ಜನ ಎಂದು ಅಮ್ಮ ಕಣ್ಣೊರೆಸಿಕೊಂಡಳು. ಅರ್ಧ ಗಂಟೆಯೂ ಆಗಿರಲಿಲ್ಲ, ತಮ್ಮನಿಗೆ ನೋಡಿದ ಹುಡುಗಿಯ ಮಾತು ಬಂತು. ಅವರ ಮನೆತನದಲ್ಲಿ ಯಾವ ಕಾಯಿಲೆಯೂ ಇಲ್ಲವೆಂದು ನಾನೇ ವಿಚಾರಿಸಿ ಖಚಿತ ಮಾಡಬೇಕಂತೆ. ಶಹಾಬಾದಿನ ಕಥೆ ಕೇಳಿದ ಮೇಲೆ ಹೆದರಿಕೆ ಹೆಚ್ಚಾಗಿದೆಯಂತೆ. ಬಡಿಸಿದ ಬಂಗುಡೆ ತಟ್ಟೆಯಲ್ಲೇ ಇತ್ತು. ನನಗೆ ತಿನ್ನಲಾಗಲಿಲ್ಲ.

ಆಗಲೇ ಸವಿತಾಳ ಫೋನ್ ಬಂತು, ನಾಗಮ್ಮನಿಗೆ ತಿಳಿಯದಂತೆ. ಸೇಡಂ ಕಡೆಯ ಇನ್ನೊಬ್ಬ ಗಂಡಿನವರು ಬರುವ ಮೊದಲೇ ಬೇಡವೆಂದರಂತೆ. ಬಿಳ್ಯಾ ಹ್ಯಾಂಗಿದ್ದಾನೆ ಎಂದು ಕೇಳಿದಳು. ಆಮೇಲೆ, ಯಾವಾಗ ಬರ್ತೀರಿ ಟೀಚರ್ ಎಂದಳು. ಬರ್ತೀನವ್ವ ಎಂದು ಫೋನಿಟ್ಟೆ.

ಯಾರದು ಎಂದು ಅಮ್ಮ ಕೇಳಿದಳು.

ಮನೆಯಿಂದ ಎಂದೆ. ಅಮ್ಮ ಬಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.