ಎರಿಶ್ತಿಗೆ ನೀರು

ಲಮಾಸ್ಸಿಯ ಮಗಳು ಎರಿಶ್ತಿ ಮೂರು ವರ್ಷ ತುಂಬುವ ಮೊದಲೇ ಜ್ವರ ಬಂದು ತೀರಿಕೊಂಡಳು. ಉರ್ ಪಟ್ಟಣದಲ್ಲಿ ಎಲ್ಲರೂ ಮಾಡುವಂತೆ ಕೂಸನ್ನು ಮಡಕೆಯಲ್ಲಿ ಮಲಗಿಸಿ, ಮನೆಯ ಹಿಂದಿನ ಕೋಣೆಯ ನೆಲದಡಿ ಹೂತರು. ಅಂದಿನಿಂದ ಪ್ರತಿ ಅಮಾವಾಸ್ಯೆ ಲಮಾಸ್ಸಿ ಅಲ್ಲಿ ನೀರೆರೆದು ಮಗಳನ್ನು ಕರೆಯುತ್ತಿದ್ದಳು. ಸತ್ತವರ ಲೋಕದಲ್ಲಿರುವುದು ಬರೀ ಧೂಳು. ಮೇಲಿನಿಂದ ಯಾರಾದರೂ ಹೆಸರು ಹಿಡಿದು ಕರೆದು ಎರೆದರಷ್ಟೇ ಅವರಿಗೆ ನೀರು. ದೊಡ್ಡವರಾದರೆ ಹೇಗೋ ತಡೆದುಕೊಂಡಾರು. ಬಾಯಾರಿದರೆ 'ಅವ್ವಾ' ಎಂದು ಅಳುವುದೊಂದೇ ಗೊತ್ತಿದ್ದ ಮಗುವನ್ನು ನೆನೆದರೆ ಲಮಾಸ್ಸಿಗೆ ಕರುಳು ಹಿಂಡಿದಂತಾಗುತ್ತಿತ್ತು.

ಅವಳ ಗಂಡ ಇಲ್ಶು ದೋಣಿಗಳಿಗೆ ಡಾಂಬರು ಬಳಿಯುವವನು. ಅವನಿಗೆ ಬಂದರಿನ ಪಕ್ಕದಲ್ಲೇ ಮನೆ ಮಾಡುವ ಹುಚ್ಚು ಹತ್ತಿತು. ಹೆಂಡತಿಗೆ ಒಂದು ಮಾತೂ ಹೇಳದೆ ಹಳೆ ಮನೆಯನ್ನು ಇದ್ದಿನ ಎಂಬ ನೇಕಾರನಿಗೆ ಮಾರಿಬಿಟ್ಟ. ಲಿಪಿಕಾರ ಬಂದು ಅಂಗಳದಲ್ಲಿ ಕೂತು ಕರಾರು ಬರೆಯಲು ಹಸಿಮಣ್ಣು ತಟ್ಟತೊಡಗಿದಾಗಲೇ ಲಮಾಸ್ಸಿಗೆ ವಿಷಯ ಗೊತ್ತಾದದ್ದು.

"ಮಗು ಇಲ್ಲೇ ಇದೆಯಲ್ರೀ!" ಎಂದಳು.

"ಸುಮ್ನಿರೆ, ಇನ್ನೊಂದು ಹೆತ್ತರಾಯ್ತು," ಎಂದ ಇಲ್ಶು. ಗಂಡಸರಿಗೆ ಎಲ್ಲವೂ ಎಷ್ಟು ಸಲೀಸು! ಇನ್ನೊಂದು ಮಗು ಆಗಲೇ ಇಲ್ಲ.

ಲಮಾಸ್ಸಿ ಲಿಪಿಕಾರನ ಎದುರು ಕುಕ್ಕರಿಸಿದಳು. "ಅಣ್ಣಾ, ಮಣ್ಣು ಹಸಿ ಇರೋವಾಗ್ಲೇ ನಂದೊಂದು ಮಾತೂ ಬರಿ. ಅಮಾವಾಸ್ಯೆಗೆ ನಾನು ಬಂದು ಎರಿಶ್ತಿಗೆ ನೀರು ಎರೀತೀನಿ, ಯಾರೂ ಬೇಡ ಅನ್ಬಾರ್ದು ಅಂತ."

"ಬಾಗ್ಲು, ತೊಲೆ, ಗೋಡೆ, ಇವನ್ನ ಬರೀಬಹುದಮ್ಮಾ. ಸತ್ತ ಕೂಸನ್ನ ಎಲ್ಲಿ ಬರೀಲಿ?" ಎಂದು ಲಿಪಿಕಾರ ನಕ್ಕ. ಅಕ್ಷರ ಕಲಿತವರಿಗೆ ಇರುವ ಕೊಬ್ಬು ಅವನಿಗೂ ಇತ್ತು.

ಮನೆ ಕೊಂಡ ಇದ್ದಿನ ಮಾತ್ರ ಒಳ್ಳೆಯವನು. "ಬರಿಯಪ್ಪಾ, ನಿಂಗೇನು ಕೈ ಸವೆಯುತ್ತಾ?" ಎಂದು ಗದರಿದ. ಅಂಗೈಯಗಲದ ಮಣ್ಣಿನ ಬಿಲ್ಲೆಯೊಂದು ತಯಾರಾಯಿತು. ಸ್ವಂತ ಮುದ್ರೆಯಿಲ್ಲದ ಲಮಾಸ್ಸಿ ಗುರುತಿಗೆಂದು ಅದರ ಅಂಚಿಗೆ ಉಗುರೊತ್ತಿದಳು.

"ಇದ್ರಲ್ಲಿ ನನ್ನ ಎರಿಶ್ತಿ ಎಲ್ಲಿದಾಳೆ?" ಎಂದು ಕೇಳಿದಳು.

ಲಿಪಿಕಾರ ಜೊಂಡಿನ ಕಡ್ಡಿಯ ತುದಿಯಿಂದ ತೋರಿಸಿದ. ಹಕ್ಕಿ ಕುಕ್ಕಿದಂತಿದ್ದ ನಾಲ್ಕಾರು ಗುರುತು. ಅಷ್ಟನ್ನು ಲಮಾಸ್ಸಿ ಕಣ್ಣಲ್ಲೇ ಹಿಡಿದುಕೊಂಡಳು. ಬಿಸಿಲಲ್ಲಿ ಒಣಗಿದ ಬಿಲ್ಲೆಯನ್ನು ಸೆರಗಲ್ಲಿ ಕಟ್ಟಿಕೊಂಡು ಬಂದರಿನ ಮನೆಗೆ ಹೊರಟಳು.

ಇಪ್ಪತ್ತಮೂರು ವರ್ಷ ಒಂದು ಅಮಾವಾಸ್ಯೆಯನ್ನೂ ಅವಳು ತಪ್ಪಿಸಲಿಲ್ಲ. ಇಲ್ಶು ಸತ್ತ ತಿಂಗಳೂ ಬಂದಳು. ಹಿಂದಿನ ಕೋಣೆಯಲ್ಲಿ ಈಗಿದ್ದ ಮಗ್ಗದ ಪಕ್ಕದಲ್ಲಿ ಬಗ್ಗಿ ನೀರೆರೆಯುವಳು, ಹೆಸರು ಕರೆಯುವಳು, ಆಮೇಲೆ ಬಿಲ್ಲೆ ತೆಗೆದು ಒದ್ದೆ ಬೆರಳಿಂದ ಆ ನಾಲ್ಕಾರು ಗುರುತನ್ನು ಸವರುವಳು. ಮಗುವಿನ ಕೆನ್ನೆ ಸವರಿದ ಹಾಗೆ. ಆ ಮನೆಯಲ್ಲಿ ಅವಳನ್ನು ಎಲ್ಲರೂ ನೀರಜ್ಜಿ ಎನ್ನುತ್ತಿದ್ದರು.

ಇದ್ದಿನ ಸತ್ತು, ಮನೆ ಅವನ ಮಗ ಇಪ್ಕುವಿನ ಕೈಗೆ ಬಂತು. ಅದೇ ವರ್ಷ ಇಪ್ಕುವಿನ ಗಂಡುಕೂಸಿಗೆ ಜ್ವರ ಬಂದು ಇಳಿಯದಾಯಿತು. ಶಕುನ ನೋಡುವವನು ಮನೆಯಲ್ಲಿ ಯಾವುದೋ ಗೊತ್ತಿಲ್ಲದ ಪ್ರೇತ ಇದೆ ಎಂದ. ಆ ಅಮಾವಾಸ್ಯೆ ಮಧ್ಯಾಹ್ನ ಲಮಾಸ್ಸಿ ತಂಬಿಗೆ ಹಿಡಿದು ಬಂದರೆ ಇಪ್ಕು ಹೊಸ್ತಿಲಲ್ಲೇ ಅಡ್ಡ ನಿಂತಿದ್ದ.

"ಬರೆಸ್ಕೊಂಡಿದೀನಪ್ಪಾ," ಎಂದು ಅವಳು ಬಿಲ್ಲೆ ಚಾಚಿದಳು.

ಅಷ್ಟಿಷ್ಟು ಅಕ್ಷರ ಕಲಿತಿದ್ದ ಅವನು ಬಿಸಿಲಿಗೆ ಹಿಡಿದು ಓದಿದ. "ನೀನು ನೀರೆರೀಬಹುದು ಅಂತಿದೆ ಅಜ್ಜಿ. ಯಾರಿಗೆ ಅಂತ ಇಲ್ವಲ್ಲ. ಇಲ್ಲಿ ನೋಡು, ನುಣ್ಣಗಾಗಿದೆ."

ಲಮಾಸ್ಸಿ ತೀರಾ ಹತ್ತಿರ ಬಗ್ಗಿ ನೋಡಿದಳು. ಬೇರೆ ಸಾಲುಗಳೆಲ್ಲ ನೆಟ್ಟಗಿದ್ದವು. ಮಗಳಿದ್ದ ಜಾಗವೊಂದೇ ನದಿಯ ಕಲ್ಲಿನಂತಾಗಿತ್ತು. ಎಂದಿನಿಂದಲೋ ಅವಳ ಕಣ್ಣಿಗೆ ಪೊರೆ, ಬೆರಳಿಗೆ ಅಭ್ಯಾಸ. ಅಳಿಸಿದವಳು ತಾನೇ ಎಂದು ಅವಳಿಗೆ ತಿಳಿಯಿತು.

"ಎರಿಶ್ತಿ ಅಂತ ಇತ್ತು ಕಣಪ್ಪಾ. ದೇವರಾಣೆ."

"ಇತ್ತೇನೋ. ಈಗಿಲ್ಲ. ಯಾರ್ಯಾರಿಗೋ ನೀರು ಕೊಟ್ಟು ನಮ್ಮನೇಲಿ ಪ್ರೇತ ಸಾಕಬೇಡ. ನನ್ನ ಮಗ ಬದುಕ್ಬೇಕು." ಅವನನ್ನು ಕೆಟ್ಟವನೆನ್ನಲೂ ಮನಸ್ಸು ಬಾರದು. ಬಾಗಿಲು ಹಾಕಿಕೊಂಡ.

ಲಮಾಸ್ಸಿ ಗೋಡೆಗೊರಗಿ ಕೂತು ಅತ್ತಳು. ತಂಬಿಗೆಯ ನೀರು ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲಿಂದ ಇಪ್ಕುವಿನ ಹೆಂಡತಿ ಬೆಲ್ತಾನಿ ಬಂದಳು, ಕಂಕುಳಲ್ಲಿ ಜ್ವರದ ಕೂಸು.

"ಅವ್ರಿಗೆ ಹೇಳ್ಬೇಡಿ ಅಜ್ಜಿ. ತಂಬಿಗೆ ಇಲ್ಲಿ ಕೊಡಿ, ನಾನು ಎರೀತೀನಿ."

"ಅವಳ ಹೆಸರು ಗೊತ್ತಾ ನಿಂಗೆ?"

"ಎರಿಶ್ತಿ. ನಾನು ಈ ಮನೆಗೆ ಬಂದಾಗ್ಲಿಂದ ಕೇಳ್ತಾನೇ ಇದೀನಲ್ಲ."

"ನಾ ಹೋದ್ಮೇಲೂ ಎರೀತೀಯಾ ತಾಯೀ?"

"ಎರೀತೀನಿ. ಇವನಿಗೇನಾದ್ರೂ ಆದ್ರೆ…" ಎಂದು ಬೆಲ್ತಾನಿ ಕೂಸನ್ನು ಅವಚಿಕೊಂಡಳು. ತಂಬಿಗೆ ತೆಗೆದುಕೊಂಡವಳು ಹಿತ್ತಲ ಬಾಗಿಲಲ್ಲಿ ತಿರುಗಿ ನಿಂತಳು. "ನಿಮಗೆ ಎರೆಯೋರು ಯಾರಿದಾರೆ ಅಜ್ಜಿ?"

"ಯಾರೂ ಇಲ್ಲ."

"ಹಾಗಾದ್ರೆ ನಿಮ್ಮ ಹೆಸರೂ ಹೇಳಿ. ನಿಮಗೂ ಎರೀತೀನಿ."

ಇಪ್ಪತ್ತಮೂರು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಹೆಸರು ಹೇಳಹೊರಟ ಲಮಾಸ್ಸಿ ತಲೆಯಾಡಿಸಿದಳು.

"ನನ್ನ ಹೆಸರು ಬೇಡಮ್ಮಾ," ಎಂದಳು. "ಆ ಹೆಸರು ಹಿಡಿದು ಕರೆದ್ರೆ ಕೆಳಗಿರೋ ನನ್ನ ಕೂಸು ಬೇರೆ ಯಾರೋ ಬಂದ್ರು ಅಂತ ಹೆದರ್ಕೊಳ್ಳತ್ತೆ. ಅದಕ್ಕೆ ನನ್ನ ಹೆಸರು ಗೊತ್ತಿಲ್ಲ. 'ಅವ್ವ' ಅನ್ನು, ಸಾಕು."