ಡೊನ್ ಲಿಬೋರಿಯೊ ಮಂತ್ರ ನುಂಗಿದ ವರ್ಷ

ನಮ್ಮ ತಾಕ್ವರೆಂಬೊ ಕಡೆ ದನಕ್ಕೋ ಕುದುರೆಗೋ ಹುಳ ಬಿದ್ದರೆ ಮೊದಲು ಡೊನ್ ಲಿಬೋರಿಯೊ ತೆಚೆರಾ ಅವರಿಗೆ ಹೇಳಿಕಳಿಸುತ್ತಿದ್ದರು, ಔಷಧಿ ಅಂಗಡಿಯ ಮಾತು ಆಮೇಲೆ. ಗಾಯದ ಹುಳವಾಗಲಿ, ಹೊಟ್ಟೆ ಸೇರಿದ ಹುಳವಾಗಲಿ, ಅವರ ವಿಧಾನ ಒಂದೇ. ಆ ಪ್ರಾಣಿಯ ಗೊರಸಿನ ಗುರುತು ಬಿದ್ದ ಮಣ್ಣನ್ನು ಹುಲ್ಲಿನ ಸಮೇತ ಚಾಕುವಿನಿಂದ ಕೊರೆದು, ಮಗುಚಿ ಅದೇ ಗುಂಡಿಯಲ್ಲಿ ಕೂರಿಸಿ, ತುಟಿಯೊಳಗೇ ಏನೋ ಹೇಳುವರು. ಮಣ್ಣು ಒಣಗುತ್ತ ಬಂದ ಹಾಗೆ ಹುಳ ಉದುರಬೇಕು. ಆ ಮಂತ್ರವನ್ನು ಅವರ ಅಜ್ಜಿ ಒಂದು ಶುಭ ಶುಕ್ರವಾರದಂದು ಕಿವಿಯಲ್ಲಿ ಹೇಳಿಕೊಟ್ಟಿದ್ದಳಂತೆ. ಬೇರೆ ದಿನ ಹೇಳಿಕೊಟ್ಟರೆ ಅದರ ಶಕ್ತಿ ಹೋಗುತ್ತದೆ, ದುಡ್ಡು ಮುಟ್ಟಿದರೂ ಹೋಗುತ್ತದೆ. ಅದಕ್ಕೇ ಜನ ಒಂದು ಕೋಳಿಯನ್ನೋ ಚೀಸಿನ ಗಟ್ಟಿಯನ್ನೋ ಅವರ ಬೇಲಿಗೆ ಕಟ್ಟಿ, ಏನೂ ಅರಿಯದವರ ಹಾಗೆ ಹೋಗಿಬಿಡುತ್ತಿದ್ದರು.

ಅವರು ಧಣಿಗಳ ಎಸ್ತಾನ್ಸಿಯಾದಲ್ಲಿ, ಅಂದರೆ ದನ ಕುದುರೆ ಸಾಕುವ ದೊಡ್ಡ ಜಮೀನಿನಲ್ಲಿ, ಕುದುರೆಗಳನ್ನು ನೋಡಿಕೊಳ್ಳುತ್ತಿದ್ದರು, ನಾನು ಅಲ್ಲಿಯ ಅಡುಗೆಯವಳು. ಬೇಲಿ ಕಟ್ಟುವ ಕೆಲಸದ ನನ್ನ ಗಂಡ ತೀರಿಕೊಂಡ ಮೇಲೂ ಒಲೆ ನನ್ನ ಕೈಯಲ್ಲೇ ಉಳಿದಿತ್ತು. ನನ್ನ ಹಿರಿಮಗನ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ನಿಂತವರು ಲಿಬೋರಿಯೊ. ಆವತ್ತಿನಿಂದ ನಾನು ಅವರನ್ನು ಕೊಂಪಾದ್ರೆ ಎಂದರೆ ಅವರು ನನ್ನನ್ನು ಕೊಮಾದ್ರೆ ಎನ್ನುವರು. ಉದ್ದಕ್ಕೆ ಒಣಕಲು ಆಳು, ಮೀಸೆಗೆ ಹೊಗೆಸೊಪ್ಪಿನ ಬಣ್ಣ. ಮದುವೆಯಾಗಲಿಲ್ಲ. ಕಲಾಂದ್ರಿಯಾ ಎಂಬ ಬೂದುಬಣ್ಣದ ಹೆಣ್ಣುಕುದುರೆಯೇ ಅವರ ಸಂಸಾರ.

ಒಂದು ವರ್ಷ ಈಸ್ಟರ್ ಕಳೆದ ಹೊಸತರಲ್ಲಿ ಪಟ್ಟಣದಿಂದ ಪ್ರಾಣಿಗಳ ಡಾಕ್ಟರ್ ಮಿರ್ತಾ ಜೀಪಿನಲ್ಲಿ ಬಂದಳು. ನನ್ನ ಮಗಳ ವಯಸ್ಸು. ಅಡುಗೆಮನೆಯಲ್ಲಿ ಕೂತು ನಾನು ಕೊಟ್ಟ ಮತೆ ಎಲೆಯ ಬಿಸಿ ಕಷಾಯ ಹೀರುತ್ತ ಬಂದ ಕೆಲಸ ಹೇಳಿದಳು.

"ಎಲ್ಲಾ ಕುದುರೆಗೂ ಔಷಧಿ ಕುಡಿಸಿ ಕುಡಿಸಿ ಹುಳಕ್ಕೆ ಅದು ಅಭ್ಯಾಸ ಆಗಿಹೋಗಿದೆ. ಈಗ ಸಾಯೋದೇ ಇಲ್ಲ. ಆದ್ರೆ ಕೆಲವು ಕುದುರೆ ಔಷಧಿ ಇಲ್ದೇನೂ ತಮ್ಮ ಮೈಶಕ್ತಿಯಿಂದ್ಲೇ ಹುಳಾನ ಹದ್ದುಬಸ್ತಲ್ಲಿ ಇಟ್ಕೊಳ್ತವೆ. ಅಂಥವು ಯಾವುವು ಅಂತ ನೋಡ್ಬೇಕು."

"ಹೆಂಗೆ ನೋಡ್ತೀಯ ಮಗಳೇ?"

"ಲದ್ದಿ ತಗೊಂಡು ಹೋಗಿ, ಅದ್ರಲ್ಲಿರೋ ಹುಳದ ಮೊಟ್ಟೆ ಎಣಿಸ್ತೀನಿ, ಡೋನ್ಯಾ ಒತೀಲಿಯಾ."

"ಮೊಟ್ಟೆ ಎಣಿಸೋ ಚಪಲ ಇದ್ರೆ ನಮ್ಮ ಕೋಳಿಗೂಡಿಗೆ ಬಾ. ವಾಸ್ನೆನಾದ್ರೂ ಕಮ್ಮಿ."

ಅವಳು ನಕ್ಕಳು. ಆಮೇಲೆ ಲಿಬೋರಿಯೊ ಕಡೆ ತಿರುಗಿ, ಹಳ್ಳದ ಪಕ್ಕದ ಹೊಲದಲ್ಲಿ ಹನ್ನೆರಡು ಕುದುರೆಗಳನ್ನು ಮುಂದಿನ ಈಸ್ಟರ್‌ವರೆಗೆ ಬಿಡಬೇಕೆಂದೂ ಅವಕ್ಕೆ ಯಾರೂ ಯಾವ ಚಿಕಿತ್ಸೆಯನ್ನೂ ಮಾಡಕೂಡದೆಂದೂ ಹೇಳಿದಳು.

"ಯಾವುದೂ ಅಂದ್ರೆ ಯಾವುದೂ?"

"ಯಾವುದೂ."

ಲಿಬೋರಿಯೊ ಅಂಗೈಯನ್ನು ಷರಾಯಿಗೆ ಒರೆಸಿಕೊಂಡು ಚಾಚಿದರು. ಅವಳು ಮರ್ಯಾದೆಗೆಂದು ಕೈ ಕುಲುಕಿದಳು. ಮಂತ್ರವನ್ನೂ ಬಾಯಿಗೆ ತರುವುದಿಲ್ಲ ಎಂದು ಅವರು ಆ ಕೈಯಲ್ಲಿ ಮಾತು ಕೊಟ್ಟದ್ದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

ಹೊಸ ಹೊಲದಲ್ಲಿ ಕುದುರೆಗಳು ತಾವಾಗಿ ನಿಲ್ಲುವುದಿಲ್ಲ, ಕೊರಳಲ್ಲಿ ಗಂಟೆ ಇರುವ ಹೆಣ್ಣುಕುದುರೆ ಎಲ್ಲಿಯೋ ಅವೂ ಅಲ್ಲಿಯೇ. ನಮ್ಮ ಗಂಟೆಯ ಕುದುರೆ ಕಲಾಂದ್ರಿಯಾ. ಹಾಗಾಗಿ ಅವಳೂ ಹನ್ನೆರಡರಲ್ಲಿ ಒಬ್ಬಳಾದಳು. ಲಿಬೋರಿಯೊ ತಾವೇ ಹೋಗಿ ಬಿಟ್ಟುಬಂದರು.

ಒಂದೆರಡು ವಾರಕ್ಕೆ ಹಳ್ಳದಾಚೆಯ ಫಾಗುಂಡೆಸ್ ಬಂದ. ಅವನ ಹಸುವಿನ ಕೆಚ್ಚಲ ಗಾಯಕ್ಕೆ ಹುಳ ಬಿದ್ದಿತ್ತು.

"ಆಗಲ್ಲ" ಎಂದರು ಲಿಬೋರಿಯೊ. "ನಿನ್ನ ಹಸೂಗೂ ನನ್ನ ಬಾಯಿಗೂ ನಡುವೆ ಆ ಕುದುರೆ ಹೊಲ ಐತೆ. ಮಂತ್ರ ದಾರೀಲಿ ಯಾವುದಕ್ಕೆ ತಗಲ್ತದೋ."

"ಹಂಗಾದ್ರೆ ಆ ಕಡೆಯಿಂದ ಸುತ್ತಿ ಬಂದು ಹೇಳು ಮಾರಾಯ."

"ಹೇಳಿದ್ಮೇಲೆ ಎಲ್ಲಿಗಂಟ ಹೋಗ್ತದೆ ಅಂತ ನಂಗೇ ಗೊತ್ತಿಲ್ವಲ್ಲ."

"ಪಟ್ಟಣದ ಹುಡುಗಿ ನಿನ್ನ ಬಾಯಿಗೆ ಕಡಿವಾಣ ಹಾಕವ್ಳೆ, ಲಿಬೋರಿಯೊ. ಹಂಗೇ ಹಲ್ಲು ನೋಡಿ ವಯಸ್ಸೂ ಹೇಳಿರ್ಬೇಕು."

ಲಿಬೋರಿಯೊ ಅವನನ್ನು ಗುಡ್ಡದ ಕೆಳಗಿನ ಇನ್ನೊಬ್ಬ ಮಂತ್ರದವಳ ಹತ್ತಿರ ಕಳಿಸಿದರು. ಅವಳ ಮಂತ್ರಕ್ಕೆ ಕೂತ ನೊಣ ಕೂಡ ಏಳುವುದಿಲ್ಲ ಎಂದು ಆಮೇಲೆ ನನ್ನ ಹತ್ತಿರ ಗೊಣಗಿದರು. ಚಳಿಗಾಲವೆಲ್ಲ ಹೀಗೇ. ಬಂದವರು ಬೈದುಕೊಂಡು ಹೋದರು, ಬೇಲಿಯ ಮೇಲೆ ಕೋಳಿ ಕಾಣದಾಯಿತು. ಪ್ರತಿ ತಿಂಗಳೂ ಮಿರ್ತಾ ಬಂದು ಲದ್ದಿ ತುಂಬಿಕೊಂಡು ಹೋಗುವಳು, ಇದರ ಗಂಧವೂ ಅವಳಿಗೆ ತಾಗಲಿಲ್ಲ.

ನಮ್ಮ ಕಡೆ ಚಳಿ ಮುಗಿಯುವ ಸೆಪ್ಟೆಂಬರ್ ಬಂದು ಹುಲ್ಲು ಚಿಗುರಿತು. ಕರುಳಿನ ಗೋಡೆಯೊಳಗೆ ಚಳಿಗಾಲವಿಡೀ ಮಲಗಿರುವ ಹುಳದ ಮರಿಗಳು ಈ ಹೊತ್ತಿನಲ್ಲಿ ಒಟ್ಟಿಗೆ ಎದ್ದುಬಿಡುತ್ತವೆ ಎಂದು ಮಿರ್ತಾ ಹೇಳಿದ್ದಳು. ಬೇರೆ ಕುದುರೆಗಳಿಗೆ ಏನೂ ಆಗಲಿಲ್ಲ. ಕಲಾಂದ್ರಿಯಾ ಒಂದೇ ವಾರದಲ್ಲಿ ಇಳಿದುಹೋದಳು. ಲದ್ದಿ ನೀರಾಯಿತು, ಪಕ್ಕೆಲುಬು ಎದ್ದವು. ತಲೆ ಆಡಿಸಲೂ ತ್ರಾಣವಿಲ್ಲದೆ ನಿಂತಿದ್ದಳಾಗಿ ಗಂಟೆಯ ಸದ್ದೇ ನಿಂತುಹೋಯಿತು.

ಲಿಬೋರಿಯೊ ಅಡುಗೆಮನೆಗೆ ಬಂದು ಕೂತರು. ಕೈಯಲ್ಲಿದ್ದ ಮತೆ ಆರಿ ತಣ್ಣಗಾಯಿತು.

"ಹೇಳಿಬಿಡಿ ಕೊಂಪಾದ್ರೆ" ಎಂದೆ. "ಈ ಒಲೆ ಮುಂದೆ ಕೂತು ಹೇಳಿದ್ರೆ ಯಾರಿಗೆ ಗೊತ್ತಾಗ್ತದೆ?"

"ಹುಳಕ್ಕೆ ಗೊತ್ತಾಗ್ತದಲ್ಲ ಕೊಮಾದ್ರೆ."

"ಅವಳು ಸತ್ತುಹೋದ್ರೆ?"

ಅವರು ಮತೆ ಕೆಳಗಿಟ್ಟರು. ಎದ್ದು, ಹೆದ್ದಾರಿಯ ಅಂಗಡಿಯ ತನಕ ಸವಾರಿ ಹೋಗಿ ಡಾಕ್ಟರಿಗೆ ಫೋನ್ ಮಾಡಿಸಿದರು. ಮಾರನೆಯ ಬೆಳಗ್ಗೆಯೇ ಅವಳು ಬಂದಳು. ನಾನೂ ಅಪ್ರನ್ ಬಿಚ್ಚದೆ ಹೊಲಕ್ಕೆ ಹೋದೆ.

ಮಿರ್ತಾ ಕುದುರೆಯ ಒಸಡು ನೋಡಿದಳು, ಹೊಟ್ಟೆಗೆ ಕಿವಿಯಿಟ್ಟಳು. "ಇವಳನ್ನ ಲೆಕ್ಕದಿಂದ ಬಿಟ್ಟೆ. ಈಗ್ಲೇ ಔಷಧಿ ಕೊಡ್ತೀನಿ. ಆದ್ರೆ ಬದುಕ್ತಾಳೆ ಅಂತ ಮಾತು ಕೊಡಲಾರೆ, ಡೊನ್ ಲಿಬೋರಿಯೊ."

ನನಗೆ ತಡೆಯಲಾಗಲಿಲ್ಲ. "ಹಂಗಾದ್ರೆ ಇವರೂ ಮಂತ್ರ ಹಾಕ್ಲಿ ಮಗಳೇ. ನಿನಗೋಸ್ಕರ ಚಳಿಗಾಲವೆಲ್ಲಾ ನುಂಗ್ಕೊಂಡು ಕೂತವ್ರೆ."

"ಯಾವ ಮಂತ್ರ?"

ನಾನು ಎಲ್ಲ ಹೇಳಿದೆ. ಅವಳು ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಮತ್ತೆ ನನ್ನ ಕೈಯ ಮತೆ ಸಿಗುತ್ತಿರಲಿಲ್ಲ. ಅವರ ಕಡೆ ತಿರುಗಿ, "ಮಂತ್ರ ಬೇಡ ಅಂತ ನಾನಂದಿರಲಿಲ್ಲ, ಡೊನ್ ಲಿಬೋರಿಯೊ. ಹೇಳಿ. ಅದ್ರಿಂದ ನನ್ನ ಕೆಲಸಕ್ಕೇನೂ ಆಗಲ್ಲ" ಎಂದಳು.

"ಏನೂ ಆಗಲ್ಲ ಅಂದ್ರೆ ನನ್ನ ಕುದುರೆಗೂ ಅದ್ರಿಂದ ಏನೂ ಆಗಲ್ಲ ಅಂದಂಗಾಯ್ತು. ಆಗ್ತದೆ ಅನ್ನಂಗಿದ್ರೆ ನಿಮ್ಮ ಕೆಲ್ಸ ಕೆಡ್ತದೆ. ಎರಡ್ರಾಗೆ ಒಂದು, ಡಾಕ್ಟರಮ್ಮ."

"ಇವಳೊಬ್ಬಳಿಗೇ ಹೇಳೋಕಾಗಲ್ವಾ?"

ಅವರು ನೀರಿನ ಅಂಚಿನ ಕೆಸರು ತೋರಿಸಿದರು. "ಇದ್ರಾಗೆ ಇವಳ ಗುರುತು ಯಾವುದು? ಒಂದರ ಕೆಳಗೆ ಇನ್ನೊಂದು ಐತೆ. ಒಂದು ಮಗುಚಿದ್ರೆ ಹನ್ನೆರಡೂ ಮಗುಚ್ಕಂತವೆ."

"ಬೇರೆ ಹೊಲಕ್ಕೆ ನಡೆಸಿದ್ರೆ?"

"ಗಂಟೆಯವಳು ಹೊರಟ್ರೆ ಎಲ್ಲಾ ಬೇಲಿ ಮುರ್ಕಂಡು ಹಿಂದೆ ಬರ್ತವೆ. ನಿಮ್ಮ ಔಷಧಿ ಒಂದೇ ಗಂಟಲಾಗೆ ಇಳೀತದೆ, ಅದನ್ನೇ ಕೊಡಿ."

ಕುದುರೆಯ ನಾಲಿಗೆಯನ್ನು ಅವರೇ ಪಕ್ಕಕ್ಕೆ ಹಿಡಿದರು, ಮಿರ್ತಾ ಔಷಧಿ ಒತ್ತಿದಳು.

ಆಮೇಲಿನ ದಿನಗಳಲ್ಲಿ ಅವರು ಹಗಲೆಲ್ಲ ನೀಲಗಿರಿ ಮರದ ಕೆಳಗೆ, ಕಲಾಂದ್ರಿಯಾಳ ಪಕ್ಕದಲ್ಲೇ ಕೂತಿರುತ್ತಿದ್ದರು. ಎಲ್ಲಿ ಬಾಯಿಂದ ಮಂತ್ರ ಜಾರಿಬಿಡುತ್ತದೋ ಎಂದು ಹಲ್ಲಿನ ನಡುವೆ ಒಂದು ಹುಲ್ಲುಕಡ್ಡಿ ಕಚ್ಚಿಕೊಂಡಿದ್ದರು. ನಾನು ಕುರಿಮಾಂಸದ ಸಾರು ಒಯ್ದರೆ ಆಗ ಮಾತ್ರ ಕಡ್ಡಿ ತೆಗೆಯುವರು. ಅವಳು ಮಲಗಿದಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ಒಂದು ಬೆಳಗ್ಗೆ ಕೊಬ್ಬಿನಲ್ಲಿ ಕರಿದ ರೊಟ್ಟಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದೆ. ಏರು ಹತ್ತುವ ಮೊದಲೇ ಗಂಟೆ ಕೇಳಿಸಿತು. ಹೋಗಿ ನೋಡಿದರೆ ಕಲಾಂದ್ರಿಯಾ ಕುತ್ತಿಗೆ ಬಗ್ಗಿಸಿ ಹುಲ್ಲು ಕೀಳುತ್ತಿದ್ದಾಳೆ.

"ತಿಂತಾ ಅವ್ಳೆ" ಎಂದರು ಲಿಬೋರಿಯೊ. ಅಷ್ಟು ಹೇಳಿ, ನಾನು ತಂದ ರೊಟ್ಟಿಯನ್ನೆಲ್ಲ ತಾವೂ ತಿಂದರು.

ಸುದ್ದಿ ಫಾಗುಂಡೆಸ್‌ಗೆ ಮುಟ್ಟದೆ ಇರುತ್ತದೆಯೇ. "ಮಂತ್ರಗಾರನ ಕುದುರೆ ಡಾಕ್ಟರ ಔಷಧೀಲಿ ಬದುಕ್ತಂತೆ" ಎಂದು ಬೇಲಿಯಾಚೆಯಿಂದ ಕೂಗಿದ.

"ಹೂಂ. ನೀನೂ ಹೋಗಿ ಒಂದು ಗುಟುಕು ಹಾಕಿಸ್ಕ. ನಾಲಿಗೆಗೆ ಹುಳ ಬಿದ್ದೈತೆ."

ಬೇಸಿಗೆ ಕಳೆದು ಮತ್ತೆ ಈಸ್ಟರ್ ಬಂತು. ಮಿರ್ತಾ ಕೊನೆಯ ಸಲ ಬಂದು ಕಂಡದ್ದನ್ನು ಹೇಳಿದಳು. ಉಳಿದ ಹನ್ನೊಂದರಲ್ಲಿ ಎರಡು ಮೂರು ಕುದುರೆಗಳ ಲದ್ದಿಯಲ್ಲೇ ಮೊಟ್ಟೆಯೆಲ್ಲ. ಮಿಕ್ಕವು ಯಾರ ಹಂಗೂ ಇಲ್ಲದೆ ವರ್ಷವಿಡೀ ಮೈತುಂಬಿಕೊಂಡು ಹುಳವನ್ನು ಅಂಕೆಯಲ್ಲಿಟ್ಟಿದ್ದವು. ಕೊಂಪಾದ್ರೆಗೆ ಇದು ಮನಸ್ಸಿಗೆ ಹತ್ತುತ್ತದೇನೋ ಎಂದು ನಾನು ಅಂಜಿದೆ.

"ಅಂದ್ರೆ ಅವು ನಿಮ್ಮನ್ನೂ ಕೇಳ್ಲಿಲ್ಲ, ನನ್ನನ್ನೂ ಕೇಳ್ಲಿಲ್ಲ" ಎಂದರು ಲಿಬೋರಿಯೊ.

"ಇಬ್ಬರನ್ನೂ ಕೇಳ್ಲಿಲ್ಲ."

"ಒಳ್ಳೇ ಕುದುರೆಗಳು" ಎಂದು ಮೀಸೆಯೊಳಗೇ ನಕ್ಕರು. "ಈಗ ನಂಗೆ ಬಿಡುಗಡೆನಾ?"

"ಈಗ ಬಿಡುಗಡೆ."

ಅವರು ನೆಟ್ಟಗೆ ಬೇಲಿಗೆ ನಡೆದು, ಟೋಪಿ ತೆಗೆದು, ಹೊಲದ ಕಡೆ ಮುಖ ಮಾಡಿ ನಿಂತರು. ತುಟಿ ಆಡತೊಡಗಿತು, ನಿಲ್ಲಲೇ ಇಲ್ಲ.

"ಯಾರಿಗೆ ಕೊಂಪಾದ್ರೆ?" ಎಂದೆ. "ಎಲ್ಲಾ ಚೆನ್ನಾಗವೆಯಲ್ಲ."

"ಸುಮ್ನಿರಿ ಕೊಮಾದ್ರೆ, ವರ್ಷದ್ದು ಬಾಯಾಗೆ ಕಟ್ಕಂಡು ಕೂತೈತೆ" ಎಂದು ಮತ್ತೆ ಶುರುಮಾಡಿದರು.

ಜೀಪು ಹತ್ತಿದ್ದ ಮಿರ್ತಾ ಎಂಜಿನ್ ಆರಿಸಿ, ಅವರು ಮುಗಿಸುವ ತನಕ ಕಾದಳು.