ಹನ್ನೊಂದೂವರೆಯಿಂದ ಒಂದರವರೆಗೆ

ಕುಡಿದವರನ್ನು ಮನೆಗೆ ಕಳಿಸುವುದರಲ್ಲಿ ಅವನಂಥ ಕಲಾವಿದ ಭೂಮಿಯ ಮೇಲೆ ಇನ್ನೊಬ್ಬ ಹುಟ್ಟಿಲ್ಲ. ಹುಟ್ಟಿದ್ದರೂ ಅವನನ್ನು ಇವನೇ ಮನೆಗೆ ಕಳಿಸಿರುತ್ತಾನೆ. ಕೆಲಸ ಬಾರಿನಲ್ಲಿ ಸಪ್ಲೈಯರ್. ಇಪ್ಪತ್ತೆರಡು ವರ್ಷದಿಂದ ರಾತ್ರಿ ಹತ್ತೂಮುಕ್ಕಾಲಿಗೆ ಮೇಜಿನಿಂದ ಮೇಜಿಗೆ ಹೋಗಿ "ಸಾಕಣ್ಣ" ಎಂದು ಹೇಳಿ ಹೇಳಿ, ಹೆತ್ತವರು ಇಟ್ಟ ಹೆಸರು ಸವೆದು, ಸಾಕಣ್ಣ ಎಂಬುದೇ ಅವನ ಹೆಸರಾಗಿ ನಿಂತಿತು. ಗದರುತ್ತಿರಲಿಲ್ಲ. ಮೊದಲು ಹಾಡಿನ ದನಿಯನ್ನು ಕೂದಲೆಳೆಯಷ್ಟು ತಗ್ಗಿಸುವನು. ಆಮೇಲೆ ಮೂಲೆಯ ದೀಪ. ಆಮೇಲೆ ಕಿಟಕಿ ತೆರೆದು ತಂಗಾಳಿಯನ್ನು ಒಳಗೆ ಬಿಡುವನು. ಕೊನೆಗೆ ಒಬ್ಬೊಬ್ಬರ ಕೊಡೆಯನ್ನೂ ತಂದು, ಮಲಗಿದ ಮಗುವನ್ನು ಕೊಡುವ ಹಾಗೆ ತೋಳಿಗೆ ಒಪ್ಪಿಸುವನು. ಹನ್ನೊಂದಕ್ಕೆ ಬಾರು ಖಾಲಿ. ಒಮ್ಮೆ ಇಬ್ಬರು ಬಾಟಲಿ ಎತ್ತಿಕೊಂಡು ಹೊಡೆದಾಟಕ್ಕೆ ನಿಂತವರು, ಇವನು ದೀಪ ಆರಿಸಿದ ರೀತಿಗೆ ಆಕಳಿಕೆ ಬಂದು ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ದೆ ಹೋದರಂತೆ. ಗೋಡೆಯ ಹಲ್ಲಿ ಕೂಡ ಹನ್ನೊಂದಕ್ಕೆ ಹೊರಟುಹೋಗುತ್ತಿತ್ತು ಎನ್ನುವವರಿದ್ದಾರೆ. ಅದು ಸ್ವಲ್ಪ ಹೆಚ್ಚಾಯಿತು. ಹಲ್ಲಿ ಹೊರಡುವಾಗ ಹನ್ನೊಂದು ಐದಾಗುತ್ತಿತ್ತು.

ಈ ಅವಸರಕ್ಕೆಲ್ಲ ಕಾರಣ ಕಾನೂನಲ್ಲ, ಹೆಂಡತಿ.

ಅವಳು ಬ್ರೆಡ್ ಬೇಕರಿಯಲ್ಲಿ ಹಿಟ್ಟು ನಾದುವವಳು. ಪಾಳಿ ಶುರುವಾಗುವುದು ರಾತ್ರಿ ಒಂದೂವರೆಗೆ. ಬೆಳಿಗ್ಗೆ ಅವಳು ರೆಪ್ಪೆಯ ಮೇಲೂ ಹಿಟ್ಟು ಹೊತ್ತು ಬರುವಷ್ಟರಲ್ಲಿ ಇವನು ಬಾರು ಗುಡಿಸಲು ಹೋಗಿಯಾಗಿರುತ್ತಿತ್ತು. ಬಾರಿನಿಂದ ಮನೆಗೆ ಅರ್ಧ ಗಂಟೆಯ ನಡಿಗೆ. ಹನ್ನೊಂದೂವರೆಗೆ ಇವನು ಬರುತ್ತಿದ್ದ, ಒಂದಕ್ಕೆ ಅವಳು ಹೊರಡುತ್ತಿದ್ದಳು. ನಡುವಿನ ಆ ಒಂದೂವರೆ ಗಂಟೆಯೇ ಸಂಸಾರ. ಆ ಹೊತ್ತಿಗೆ ಊರೆಲ್ಲ ನೀರೊಳಗೆ ಮುಳುಗಿದಂತಿರುತ್ತಿತ್ತು. ಅವರ ಅಡುಗೆಮನೆ ಒಂದೇ ದೀಪ ಹಚ್ಚಿಕೊಂಡು ಮೇಲೆ ತೇಲುತ್ತಿತ್ತು. ಅವಳ ನಿದ್ದೆ ಇನ್ನೂ ಹಾಸಿಗೆ ಬಿಟ್ಟು ಎದ್ದಿರುತ್ತಿರಲಿಲ್ಲ, ಅವನ ನಿದ್ದೆ ಆಗಲೇ ಬಾಗಿಲಲ್ಲಿ ಬಂದು ನಿಂತಿರುತ್ತಿತ್ತು. ಎರಡು ನಿದ್ದೆಗಳ ನಡುವೆ ಕೂತು ಅವನು ಉಣ್ಣುತ್ತಿದ್ದ, ಅವಳು ಟೀ ಕುಡಿಯುತ್ತಿದ್ದಳು.

ಒಂದು ದಿನ ಯಜಮಾನರು ಅವನ ಕೈಗೆ ಒಂದು ಕಾಗದ, ಒಂದು ಅಂಟಿನ ಡಬ್ಬಿ ಕೊಟ್ಟು, ಬಾಗಿಲಿಗೆ ಅಂಟಿಸು ಎಂದರು. ಅಂಟಿಸಿದ. ಆಮೇಲೆ ಓದಿದ. 'ರಾತ್ರಿ ಎರಡರವರೆಗೆ ಬಾರು ತೆರೆಯಲು ಅನುಮತಿ ಕೋರಲಾಗಿದೆ. ಆಕ್ಷೇಪಣೆ ಇದ್ದವರು ಇಪ್ಪತ್ತೊಂದು ದಿನದೊಳಗೆ ಬರೆದು ಸಲ್ಲಿಸಬೇಕು.'

"ಎರಡರವರೆಗೆ ತೆಗೀತಾರಂತೆ ಕಣೇ," ಎಂದ ಮನೆಗೆ ಬಂದು.

"ಎರಡಕ್ಕೆ ನಾನು ಹಿಟ್ಟಲ್ಲಿ ಮೊಣಕೈವರೆಗೆ ಮುಳುಗಿರ್ತೀನಿ. ಯಜಮಾನ್ರಿಗೆ ಹೇಳಿದ್ರಾ?"

"ಉಪ್ಪು ತಿಂದ ಮನೆ. ಏನಂತ ಹೇಳ್ಲಿ?"

"ಹೆಂಡ್ತಿ ಇದ್ದಾಳೆ ಅಂತ ಹೇಳಿ. ಜ್ಞಾಪಕ ಇದ್ರೆ."

ಅಷ್ಟಕ್ಕೇ ಆ ಮಾತು ನಿಂತಿತು. ಇರುವ ಒಂದೂವರೆ ಗಂಟೆಯನ್ನು ಲೈಸೆನ್ಸಿನ ಚಿಂತೆಗೆ ಸುರಿಯಲು ಅವಳು ದಡ್ಡಿಯಲ್ಲ.

ವಿಚಾರಣೆಯ ದಿನ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸಾಕಣ್ಣನನ್ನೇ ಸಾಕ್ಷಿಯಾಗಿ ಲೈಸೆನ್ಸ್ ಕಚೇರಿಗೆ ಕರೆದೊಯ್ದರು. ಮೇಜಿನ ಆಚೆ ದಪ್ಪ ಕನ್ನಡಕದ ಅಧ್ಯಕ್ಷೆ, ಪಕ್ಕದಲ್ಲಿ ಗುಮಾಸ್ತ. ಗಿರಾಕಿಗಳನ್ನು ಹೇಗೆ ಹೊರಡಿಸುತ್ತೀರಿ ಎಂದು ಆಕೆ ಕೇಳಿದ್ದೇ ತಡ, ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಕೇಳಿದ ಸಂತೋಷಕ್ಕೆ ಸಾಕಣ್ಣ ಹಾಡು, ದೀಪ, ಕಿಟಕಿ, ಕೊಡೆ ಎಲ್ಲವನ್ನೂ ಕೈಯಾಡಿಸಿ ತೋರಿಸಿದ. ಗುಮಾಸ್ತನಿಗೆ ಅಲ್ಲೇ ಆಕಳಿಕೆ ಬಂತು.

"ಎರಡು ಗಂಟೆಗೂ ಹೀಗೇ ಸದ್ದಿಲ್ದೆ ಕಳಿಸ್ತೀರಾ?"

"ಮೇಡಂ, ಎರಡಕ್ಕೆ ಬೇಕಾದ್ರೆ ಬೀದಿ ನಾಯಿಗಳನ್ನೂ ಜೊತೇಲಿ ಕಳಿಸ್ತೀನಿ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ತನ್ನ ಗುಂಡಿ ತಾನೇ ತೋಡಿಕೊಂಡವರು ಬಹಳ ಮಂದಿ. ತೋಡಿದ ಅಳತೆ ಸರಿಯಿದೆಯೇ ಎಂದು ಇಳಿದು ನೋಡಿದವನು ಇವನೊಬ್ಬನೇ.

ಗುಮಾಸ್ತ ಕೆಮ್ಮಿದ. "ಒಂದೇ ಒಂದು ಆಕ್ಷೇಪಣೆ ಬಂದಿದೆ ಮೇಡಂ. ಓದ್ತೀನಿ. 'ಬಾರು ಎರಡರವರೆಗೆ ತೆರೆದಿದ್ದರೆ ನನ್ನ ಗಂಡ ಮನೆಗೆ ಬರುವಷ್ಟರಲ್ಲಿ ನಾನು ಕೆಲಸಕ್ಕೆ ಹೋಗಿರುತ್ತೇನೆ. ನಮಗೆ ದಿನಕ್ಕೆ ಇರುವುದು ಒಂದೂವರೆ ಗಂಟೆ. ಅದರಲ್ಲಿ ಅರ್ಧ ಹೊತ್ತು ಅವರು ಬಾರಿನ ಕತೆಯನ್ನೇ ಹೇಳುತ್ತಾರೆ. ಆದರೂ ಬೇಕು.'"

ಯಜಮಾನರು ತಿರುಗಿದರು. "ಯಾರಪ್ಪ ಈ ಪುಣ್ಯಾತ್ಗಿತ್ತಿ?"

ಸಾಕಣ್ಣ ಫ್ಯಾನು ನೋಡಿದ. "ನಮ್ಮೋಳೇ, ಯಜಮಾನ್ರೇ."

ಇಡೀ ಕೋಣೆ ನಕ್ಕಿತು. ಅಧ್ಯಕ್ಷೆ ಮಾತ್ರ ನಗಲಿಲ್ಲ. ಕಾಗದವನ್ನು ಇನ್ನೊಮ್ಮೆ ತಾವೇ ಓದಿ, ಫಾರಂ ತಿರುವಿದರು. "ಗಲಾಟೆ, ಹೊಡೆದಾಟ, ಕಸ, ಬೆಂಕಿ. ಇರೋದು ನಾಲ್ಕೇ ಕಲಂ. ಇದನ್ನ ಯಾವುದ್ರಲ್ಲಿ ಸೇರಿಸ್ಲಿ?" ಗುಮಾಸ್ತ ನಾಲ್ಕನ್ನೂ ಹುಡುಕಿ ತಲೆಯಾಡಿಸಿದ. ಕೊನೆಗೆ ಆಕೆ 'ಎರಡು' ಎಂಬುದನ್ನು ಹೊಡೆದು 'ಹನ್ನೆರಡೂವರೆ' ಎಂದು ಬರೆದು ಸಹಿ ಹಾಕಿದರು. ಕಲಂ ಇಲ್ಲದ ದುಃಖಕ್ಕೆ ಅಷ್ಟೇ ಮಾಡಲು ಸಾಧ್ಯ ಎಂಬಂತೆ ಕನ್ನಡಕ ತೆಗೆದು ಒರೆಸಿಕೊಂಡರು.

ಯಜಮಾನರಿಗೆ ಕೋಪವೇನೂ ಬರಲಿಲ್ಲ. "ಆನೆ ಕೇಳಿದ್ರೆ ಕುರಿ ಕೊಡ್ತಾರೆ ಅಂತಾನೇ ಎರಡು ಅಂತ ಬರೆದಿದ್ದೆ ಕಣಯ್ಯಾ. ಎರಡೇ ಕೊಟ್ಟಿದ್ರೆ ಅಲ್ಲೀವರೆಗೂ ಎಚ್ಚರ ಇರೋನು ಯಾರು?"

ಆದರೆ ಹನ್ನೆರಡೂವರೆಗೆ ಬೀಗ ಹಾಕಿದರೆ ಮನೆ ಮುಟ್ಟುವುದು ಒಂದಕ್ಕೆ. ಹೊಸಿಲಲ್ಲಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುವಷ್ಟು ಸಂಸಾರ ಉಳಿಯುತ್ತದೆ. ಆ ರಾತ್ರಿ ಅವನು ಅನ್ನ ಕಲಸುತ್ತಾ ಕೂತ, ಬಾಯಿಗಿಡಲಿಲ್ಲ.

"ನೀನು ಹೋಗೋಳು, ನಾನು ಬರೋನು. ದಾರೀಲಾದ್ರೂ ಮುಖ ನೋಡ್ಬಹುದು," ಎಂದ.

ಅವಳು ಟೀ ಲೋಟ ಕೆಳಗಿಟ್ಟಳು. "ರೀ, ನಮ್ಮ ಬೇಕರಿ ಎಲ್ಲಿದೆ?"

"ಇದೇನು ಕೇಳ್ತೀಯ? ನಮ್ಮ ಬಾರಿನ ಹಿಂದಿನ ಬೀದೀಲಿ."

"ಅಂದ್ರೆ ಇಷ್ಟು ವರ್ಷ ನೀವು ಅಲ್ಲಿಂದ ಇಲ್ಲಿಗೆ ನಡೆದು ಬಂದಿದ್ದು, ನಾನು ಇಲ್ಲಿಂದ ಅಲ್ಲಿಗೇ ನಡೆದು ಹೋಗಿದ್ದು..."

"ಹೇಳ್ಬೇಡ ಕಣೇ."

"ದಿನಾ ಒಂದು ಗಂಟೇನ ರಸ್ತೆಗೆ ಚೆಲ್ಲಿದ್ದೀವಿ, ರೀ. ನಾನೇ ಹನ್ನೊಂದಕ್ಕೆ ಬಂದು ಬಾರಿನ ಮೆಟ್ಟಿಲ ಮೇಲೆ ಕೂತಿದ್ರೆ ಆಗ್ತಿರ್ಲಿಲ್ವಾ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಊಟ ಮನೆಯಲ್ಲೇ ಆಗಬೇಕು ಎಂದು ಯಾವ ಕಾನೂನೂ ಹೇಳಿರಲಿಲ್ಲ; ಇವರೇ ನಂಬಿಕೊಂಡಿದ್ದರು. ಅಷ್ಟೂ ವರ್ಷದ ಆ ನಡಿಗೆಯನ್ನು ಕೂಡಿಟ್ಟಿದ್ದರೆ ಚಂದ್ರನವರೆಗೆ ಹೋಗಿ, ಅಲ್ಲೊಂದು ಟೀ ಕುಡಿದು, ತಣ್ಣಗೆ ವಾಪಸು ಬರಬಹುದಿತ್ತು.

ಹೊಸ ಲೈಸೆನ್ಸಿನ ಮೊದಲ ರಾತ್ರಿ ಹನ್ನೆರಡೂವರೆಗೆ ಅವನು ಬೀಗ ತಿರುಗಿಸುವಾಗ ಅವಳು ಊಟದ ಡಬ್ಬಿ ಹಿಡಿದು ಮೆಟ್ಟಿಲ ಬಳಿ ನಿಂತಿದ್ದಳು. ಇಬ್ಬರೂ ಕೂತರು. ರಸ್ತೆ ಹಗಲಿನ ಕಾವನ್ನು ಇನ್ನೂ ಬಿಟ್ಟಿರಲಿಲ್ಲ. ಆಗತಾನೇ ಒಲೆಯಿಂದ ತೆಗೆದ ಬ್ರೆಡ್ಡಿನಂತೆ ಮೆಲ್ಲಗೆ ಉಸಿರಾಡುತ್ತಿತ್ತು. ಬೀದಿದೀಪದ ಬೆಳಕು ಹಳದಿ ಹೊದಿಕೆಯಂತೆ ಇಬ್ಬರ ಕಾಲ ಮೇಲೂ ಬಿದ್ದಿತ್ತು.

ತಪಾಸಣೆಯ ಇನ್‌ಸ್ಪೆಕ್ಟರ್ ಸ್ಕೂಟರ್ ನಿಲ್ಲಿಸಿ ಟಾರ್ಚ್ ಬಿಟ್ಟರು. "ಟೈಮ್ ಆಯ್ತಲ್ಲ. ಗಿರಾಕಿ ಇನ್ನೂ ಕೂತಿದ್ದಾರೆ?"

"ಗಿರಾಕಿ ಅಲ್ಲ ಸಾರ್," ಎಂದ ಸಾಕಣ್ಣ. "ಆಕ್ಷೇಪಣೆ."

ಇನ್‌ಸ್ಪೆಕ್ಟರ್ ಬೀಗ ಜಗ್ಗಿ ನೋಡಿದರು, ಪುಸ್ತಕದಲ್ಲಿ 'ಮುಚ್ಚಿದೆ' ಎಂದು ಬರೆದರು, ಸ್ಕೂಟರನ್ನು ಸ್ವಲ್ಪ ದೂರ ತಳ್ಳಿಕೊಂಡು ಹೋಗಿ ಆಮೇಲೆ ಸ್ಟಾರ್ಟ್ ಮಾಡಿದರು.

"ಪಾಳಿಗೆ ಇನ್ನೂ ಮುಕ್ಕಾಲು ಗಂಟೆ ಇದೆ," ಎಂದಳು ಅವಳು.

ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದಿಟ್ಟಳು. ಆಮೇಲೆ ಅವನು ಒಂದು ತುತ್ತು ಬಾಯಿಗಿಟ್ಟು, ಉಪ್ಪು ಕಡಿಮೆ ಎಂದ. ಅವಳು ಸೆರಗು ಸಿಕ್ಕಿಸಿಕೊಂಡು, ಮೈಯೆಲ್ಲ ಇವನ ಕಡೆ ತಿರುಗಿ, ನೆಮ್ಮದಿಯಾಗಿ ಜಗಳ ಶುರು ಮಾಡಿದಳು.